ಒಬ್ಬ ತಾಯಿಯನ್ನು ಗುಲಾಮಗಿರಿಗೆ ವಾಪಸ್ ಕಳಿಸಿದ ವಕೀಲ, ಆಮೇಲೆ ಬದುಕಿದ ರೀತಿ: ಥ್ಯಾಡಿಯಸ್ ಸ್ಟೀವನ್ಸ್ ಬಗ್ಗೆ ಮಾತಾಡೋಣ

ದಾರಿಹೋಕ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ ಇದು. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

1821. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್ ಎಂಬ ಸಣ್ಣ ಊರು. ಅಲ್ಲಿ ಮೂವತ್ತು ತುಂಬದ ಒಬ್ಬ ವಕೀಲ, ಥ್ಯಾಡಿಯಸ್ ಸ್ಟೀವನ್ಸ್. ಹುಟ್ಟಿದ್ದು ವರ್ಮಾಂಟ್‌ನ ಡ್ಯಾನ್‌ವಿಲ್‌ನಲ್ಲಿ, 1792ರಲ್ಲಿ. ಹುಟ್ಟುತ್ತಲೇ ಒಂದು ಪಾದ ತಿರುಚಿಕೊಂಡಿತ್ತು. ಅಪ್ಪ ಮನೆ ಬಿಟ್ಟು ಹೋದ. ಅಮ್ಮ ದುಡಿದು ಮಕ್ಕಳನ್ನು ಸಾಕಿದಳು. ಕುಂಟುವ ಮಗ ಹೊಲ ಉಳಲಾರ, ಓದಲಿ ಅಂತ ಹಠ ಹಿಡಿದು ಡಾರ್ಟ್‌ಮತ್ ಕಾಲೇಜಿನವರೆಗೆ ಓದಿಸಿದಳು. ಕಷ್ಟ ಗೊತ್ತಿದ್ದ ಹುಡುಗ.

ಆ ವರ್ಷ ಅವರ ಕೈಗೆ ಬಂದ ಕೇಸು ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಂಗಸಿನದು. ಆಕೆ ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಳಾಗಿದ್ದವಳು. ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಒಂದು ಕಾನೂನು ಬಂದಿತ್ತು. ಹೊರಗಿನ ಒಡೆಯರು ತಮ್ಮ ಗುಲಾಮರನ್ನು ಇಲ್ಲಿಗೆ ಕರೆತಂದು ಆರು ತಿಂಗಳು ಇಟ್ಟುಕೊಂಡರೆ ಆ ಗುಲಾಮರಿಗೆ ಬಿಡುಗಡೆ. ಚಾರಿಟಿಯನ್ನು ಗಡಿ ದಾಟಿಸಿ ಮತ್ತೆ ಮತ್ತೆ ಕರೆತಂದಿದ್ದರು. ಎಲ್ಲ ದಿನ ಕೂಡಿಸಿದರೆ ಆರು ತಿಂಗಳು ಮೀರುತ್ತೆ, ಹಾಗಾಗಿ ನಾನೂ ನನ್ನ ಮಕ್ಕಳೂ ಸ್ವತಂತ್ರರು ಎಂದು ಆಕೆ ಕೋರ್ಟಿಗೆ ಹೋದಳು.

ಸ್ಟೀವನ್ಸ್ ನಿಂತದ್ದು ಒಡೆಯನ ಪರ.

ಅವರ ವಾದ ಇಷ್ಟೇ. ಕಾನೂನಿನ ಆರು ತಿಂಗಳು ಅಂದರೆ ಒಂದೇ ಸಲಕ್ಕೆ, ನಡುವೆ ಬಿಡದೆ ಆರು ತಿಂಗಳು. ಬಿಡಿಬಿಡಿ ದಿನಗಳನ್ನು ಕೂಡಿಸುವಂತಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಿತು. ತಾಯಿ ಮಕ್ಕಳು ಗುಲಾಮಗಿರಿಗೆ ವಾಪಸ್ ಹೋದರು.

ಇದೇ ಮನುಷ್ಯ ಮುಂದೆ ಅಮೆರಿಕದ ಸಂಸತ್ತಿನಲ್ಲಿ ಗುಲಾಮಗಿರಿಯ ಅತಿ ದೊಡ್ಡ ವೈರಿಯಾದರು. ಗುಲಾಮಗಿರಿಯನ್ನು ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿಗೆ ಹೋರಾಡಿದರು, ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟ 14ನೇ ತಿದ್ದುಪಡಿಯನ್ನು ಕೆಳಮನೆಯಲ್ಲಿ ಪಾಸು ಮಾಡಿಸಿದರು. ಕಪ್ಪು ಜನರಿಗೂ ಜಾಗ ಕೊಡುವ ಸ್ಮಶಾನವನ್ನೇ ಹುಡುಕಿ, ನನ್ನನ್ನು ಅಲ್ಲೇ ಹೂಳಿ ಎಂದು ಹೇಳಿ ಸತ್ತರು.

ನನ್ನ ಪ್ರಶ್ನೆ: ಚಾರಿಟಿ ಬಟ್ಲರ್‌ಗೆ ಮಾಡಿದ್ದನ್ನು ಆಮೇಲಿನ 47 ವರ್ಷ ತೀರಿಸಿತೇ? ನನಗೆ ಅನಿಸುವುದು, ತೀರಿಸಲಿಲ್ಲ, ತೀರಿಸೋಕೆ ಆಗುವುದೂ ಇಲ್ಲ. ಆದರೆ ಅಂಥ ವಾದ ಇನ್ನೊಮ್ಮೆ ಯಾವ ವಕೀಲನಿಗೂ ಗೆಲ್ಲಲು ಆಗದ ಹಾಗೆ ಕಾನೂನನ್ನೇ ಬದಲಿಸಲು ಅವರು ಹೊರಟರು. ಅದಕ್ಕೇ ಈ ಮನುಷ್ಯ ನನ್ನನ್ನು ಬಿಡುತ್ತಿಲ್ಲ. ನಿಮಗೆ ಏನನಿಸುತ್ತೆ?


ಕರಿಕೋಟು

ನಾನು ಜಿಲ್ಲಾ ಕೋರ್ಟಿನಲ್ಲಿ 26 ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ನೇರ ನನ್ನ ಎದೆಗೇ ಬಂತು.

ಮೊದಲು ವಕೀಲನ ಕಡೆಯಿಂದ ನೋಡೋಣ. ಸ್ಟೀವನ್ಸ್‌ಗೆ ಸನ್ನದು ಸಿಕ್ಕಿದ್ದೇ ಕಷ್ಟದಲ್ಲಿ. ಯಾರ್ಕ್ ಎಂಬ ಊರಿನಲ್ಲಿ ಮೇಷ್ಟ್ರಾಗಿದ್ದುಕೊಂಡೇ ಕಾನೂನು ಓದುತ್ತಿದ್ದರು. ಬೇರೆ ಕೆಲಸ ಮಾಡುತ್ತಾ ಓದಿದವರನ್ನು ವಕೀಲರಾಗಿ ಸೇರಿಸಿಕೊಳ್ಳುವುದಿಲ್ಲ ಎಂದು ಅಲ್ಲಿನ ವಕೀಲರು ನಿಯಮ ಮಾಡಿದರು. ಹಾಗಾಗಿ ಗಡಿ ದಾಟಿ ಮೇರಿಲ್ಯಾಂಡ್‌ನ ಬೆಲ್ ಏರ್‌ಗೆ ಹೋಗಿ ಪರೀಕ್ಷೆ ಕೊಟ್ಟರು. ನಾಲ್ಕಾರು ಪ್ರಶ್ನೆ ಕೇಳಿ, ಪರೀಕ್ಷಕರಿಗೆ ಮದೀರಾ ವೈನ್ ತರಿಸಿಕೊಟ್ಟರೆ ಸಾಕು ಎಂದು ಮುಗಿಸಿದರಂತೆ. ಅಂಥವರಿಗೆ 1816ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಯಾರ ಪರಿಚಯವೂ ಇಲ್ಲ. ಬಂದ ಕೇಸು ಹಿಡಿಯಬೇಕು. ಹಿಡಿದಮೇಲೆ ಗೆಲ್ಲಲು ನೋಡಬೇಕು. ನಮ್ಮ ವೃತ್ತಿ ನಿಂತಿರುವುದೇ ಹಾಗೆ.

ಇಷ್ಟು ಹೇಳಿ ಸುಮ್ನೆ ಇರಬಹುದಿತ್ತು. ಆದರೆ ನನಗೂ ಒಂದು ಚಾರಿಟಿ ಇದ್ದಾಳೆ. ವೃತ್ತಿಗೆ ಬಂದ ನಾಲ್ಕನೇ ವರ್ಷ ಒಂದು ಮನೆ ಖಾಲಿ ಮಾಡಿಸುವ ಕೇಸು. ನಾನು ಮಾಲೀಕರ ಪರ. ನೋಟಿಸ್ ತಲುಪಿದ ದಿನ ಯಾವುದು, ಗಡುವು ಮುಗಿದ ದಿನ ಯಾವುದು, ಬರೀ ದಿನ ಎಣಿಸಿ ಗೆದ್ದೆ. ಬಾಡಿಗೆಗಿದ್ದ ಅಜ್ಜಿ ಸಾಮಾನು ಸಾಗಿಸುವ ದಿನ ನಾನು ಅದೇ ರಸ್ತೆಯಲ್ಲಿ ಹೋಗಬೇಕಾಯಿತು. ಆಕೆ ತುಳಸಿ ಕುಂಡವನ್ನು ಲಾರಿಗೆ ಹಾಕಲು ಬಿಡದೆ ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಕುಂಡದ ಕೆಳಗಿನ ತೂತಿನಿಂದ ಕೆಸರು ನೀರು ಸೀರೆ ಮೇಲೆ ಸೋರುತ್ತಿತ್ತು. ಕಾನೂನಿನ ಪ್ರಕಾರ ನನ್ನದೇನೂ ತಪ್ಪಿರಲಿಲ್ಲ. ಆ ಕೆಸರು ಮಾತ್ರ ಇವತ್ತಿಗೂ ಕಣ್ಣಮುಂದಿದೆ.

ಆರು ತಿಂಗಳನ್ನು ಹೇಗೆ ಎಣಿಸುವುದು ಎಂದು ವಾದಿಸಿ ಗೆದ್ದ ಮನುಷ್ಯನಿಗೆ ಆ ಗೆಲುವು ಹೇಗೆ ಕಂಡಿರಬೇಕು ಅಂತ ನಾನು ಊಹಿಸಬಲ್ಲೆ. ಎರಡು ವರ್ಷಕ್ಕೆ, 1823ರ ಜುಲೈ 4ರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ ಔತಣದಲ್ಲಿ, ಅವರು ಎದ್ದು ನಿಂತು ಎತ್ತಿದ ಮಾತು ಏನು ಗೊತ್ತಾ? ಮುಂದಿನ ಅಧ್ಯಕ್ಷ ಯಾವ ಮನುಷ್ಯನಿಗೂ ಸಂಕೋಲೆ ಬಿಗಿಯದವನಾಗಿರಲಿ, ಎಂದು. ಅದಾದಮೇಲೆ ಓಡಿಬಂದ ಗುಲಾಮರ ಪರ ಎಷ್ಟೋ ಕೇಸುಗಳನ್ನು ಫೀಸಿಲ್ಲದೆ ನಡೆಸಿದರು.


ಸೀಮೆಸುಣ್ಣ

ಗುಲಾಮಗಿರಿಯ ವಿಷಯ ದೊಡ್ಡದು, ಒಪ್ಪಿದೆ. ಆದರೆ ಅವರು ಮಾಡಿದ ಇನ್ನೊಂದು ಕೆಲಸ ಯಾರೂ ಎತ್ತುವುದಿಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವವಳು, ಅದಕ್ಕೇ ಇದು ನನಗೆ ಹತ್ತಿರ.

ಪೆನ್ಸಿಲ್ವೇನಿಯಾದಲ್ಲಿ ಮೊದಲು ಬಡ ಮಕ್ಕಳಿಗೆ ಉಚಿತ ಪಾಠ ಬೇಕಿದ್ದರೆ ಅಪ್ಪ ಅಮ್ಮ ಬಂದು ನಾವು ಗತಿಯಿಲ್ಲದವರು ಎಂದು ಬರೆಸಬೇಕಿತ್ತು. ಎಷ್ಟೋ ಜನ ಮರ್ಯಾದೆಗೆ ಅಂಜಿ ಮಕ್ಕಳನ್ನು ಕಳಿಸುತ್ತಲೇ ಇರಲಿಲ್ಲ. 1834ರಲ್ಲಿ ಎಲ್ಲ ಮಕ್ಕಳಿಗೂ ತೆರಿಗೆ ಹಣದಲ್ಲಿ ಶಾಲೆ ಎಂಬ ಕಾನೂನು ಬಂತು. ತೆರಿಗೆ ಕಟ್ಟುವವರು ಸಿಡಿದೆದ್ದರು. ಸಾವಿರಾರು ಜನ ಸಹಿ ಹಾಕಿ ಅರ್ಜಿ ಕಳಿಸಿದರು. ಮರುವರ್ಷವೇ ರಾಜ್ಯದ ಮೇಲ್ಮನೆ ಆ ಕಾನೂನನ್ನು ರದ್ದು ಮಾಡಲು ಮತ ಹಾಕಿತು. ಕೆಳಮನೆಯಲ್ಲೂ ರದ್ದಾಗುವುದು ಖಚಿತ ಅಂದುಕೊಂಡಿದ್ದರು.

1835ರ ಏಪ್ರಿಲ್ 11ರಂದು ಸ್ಟೀವನ್ಸ್ ಎದ್ದರು. ಹಳೇ ಪದ್ಧತಿಗೆ ಮರಳುವ ಮಸೂದೆಗೆ ನೀವು ಬೇರೆ ಹೆಸರಿಡಿ, ಬಡವರನ್ನು ಶ್ರೀಮಂತರಿಂದ ಬೇರೆ ಗುರುತಿಸಲು ಅವರ ಮೈಮೇಲೆ ಬರೆ ಹಾಕುವ ಕಾನೂನು ಎಂದು ಇಡಿ, ಅಂದರು. ಬಡವರ ಮಗುವಿಗೆ ಬರೆ! ನಮ್ಮಲ್ಲಿ ಎಷ್ಟು ತಾಯಂದಿರು ನಮೂನೆ ತುಂಬುವಾಗ ಆ ಒಂದು ಕಾಲಂ ಹತ್ತಿರ ಬಂದಾಗ ದನಿ ಇಳಿಸುತ್ತಾರೆ, ನಾನು ದಿನಾ ನೋಡುತ್ತೇನೆ. ಅದಕ್ಕೇ ಆ ಮಾತು ನನಗೆ ಅಷ್ಟು ತಾಗಿತು.

ಇನ್ನೊಂದು ವಿಷಯ. ಆ ಕಾನೂನು ತಂದ ಗವರ್ನರ್ ಜಾರ್ಜ್ ವುಲ್ಫ್ ಇವರ ವಿರೋಧಿ ಪಕ್ಷದವರು. ಸ್ಟೀವನ್ಸ್‌ಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಆ ದಿನ ಸದನದಲ್ಲಿ ಅವರನ್ನು ಹೊಗಳಿದರು. ಮತ ಎಣಿಸಿದಾಗ ಶಾಲೆ ಉಳಿಯಿತು.

ಕುಂಟು ಕಾಲಿನ ಮಗನನ್ನು ಓದಿಸಲು ದುಡಿದ ತಾಯಿ ಆ ಭಾಷಣದ ಹಿಂದೆ ಇದ್ದಾಳೆ ಅಂತ ನನಗೆ ಅನಿಸುತ್ತೆ. ಸಾಯುವಾಗ ಬರೆದ ವಿಲ್‌ನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಅನಾಥ ಮಕ್ಕಳಿಗೆ ಒಂದು ನೆಲೆ ಕಟ್ಟಲು ಹಣ ಇಟ್ಟರು. ಬಣ್ಣ, ಜನಾಂಗ ನೋಡಿ ಯಾರನ್ನೂ ಹೊರಗಿಡಬಾರದು ಎಂಬ ಷರತ್ತು ಹಾಕಿ. ಅದರಿಂದ ಬೆಳೆದ ತಾಂತ್ರಿಕ ಕಾಲೇಜು ಇವತ್ತಿಗೂ ಅವರ ಹೆಸರಲ್ಲೇ ನಡೆಯುತ್ತಿದೆ.


ನೇರನುಡಿ

ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದೀರಿ. ಇನ್ನೊಂದು ಮುಖವನ್ನೂ ನೋಡಬೇಕು.

ಈ ಮನುಷ್ಯನಿಗೆ ಕರುಣೆ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳು ಅಂತರ್ಯುದ್ಧದಲ್ಲಿ ಸೋತಮೇಲೆ, ಅವನ್ನು ಗೆದ್ದ ಪ್ರಾಂತ್ಯಗಳ ಹಾಗೆ ನಡೆಸಿಕೊಳ್ಳಬೇಕು ಎಂದರು. ಜಮೀನ್ದಾರರ ಭೂಮಿ ಕಿತ್ತುಕೊಳ್ಳಿ ಎಂದರು. ಅಧ್ಯಕ್ಷ ಆಂಡ್ರೂ ಜಾನ್ಸನ್ ಮೇಲೆ ವಾಗ್ದಂಡನೆ ತಂದರು. ಆರೋಪ ಏನು? ಸೆನೆಟ್ ಒಪ್ಪಿಗೆ ಇಲ್ಲದೆ ಯುದ್ಧ ಮಂತ್ರಿ ಸ್ಟ್ಯಾಂಟನ್ ಅವರನ್ನು ತೆಗೆದರು ಎಂಬುದು. ಆ ನಿಯಮವನ್ನು ಸಂಸತ್ತು ಹಿಂದಿನ ವರ್ಷವಷ್ಟೇ ಮಾಡಿತ್ತು. ಮಂತ್ರಿಯನ್ನು ತೆಗೆದದ್ದಕ್ಕೆ ಅಧ್ಯಕ್ಷರನ್ನೇ ಇಳಿಸುವುದು ನ್ಯಾಯವೇ? 1868ರ ಮೇ ತಿಂಗಳಲ್ಲಿ ಸೆನೆಟ್‌ನಲ್ಲಿ 35-19. ಮೂರರಲ್ಲಿ ಎರಡು ಪಾಲಿಗೆ ಒಂದೇ ಮತ ಕಡಿಮೆ. ಆ ಒಂದು ಮತ ಉಳಿಸಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

1863ರ ಜೂನ್‌ನಲ್ಲಿ ದಕ್ಷಿಣದ ಸೇನೆ ಗೆಟ್ಟಿಸ್‌ಬರ್ಗ್ ಕಡೆ ಬರುವಾಗ ಜುಬಲ್ ಅರ್ಲಿ ಎಂಬ ಜನರಲ್ ಇವರ ಕ್ಯಾಲೆಡೋನಿಯಾ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿಸಿದ. ಆ ಸೇಡು ಮನಸ್ಸಿನಲ್ಲಿ ಇರಲಿಲ್ಲವೇ?


ದಾರಿಹೋಕ

ನೇರನುಡಿ ಅವರೇ, ಕ್ಯಾಲೆಡೋನಿಯಾ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಬರಲಾರೆ.

ಆ ಕಾರ್ಖಾನೆ ಅವರಿಗೆ ಲಾಭ ತಂದದ್ದಕ್ಕಿಂತ ಸಾಲ ತಂದದ್ದೇ ಜಾಸ್ತಿ. 1842ರಲ್ಲಿ ಗೆಟ್ಟಿಸ್‌ಬರ್ಗ್ ಬಿಟ್ಟು ಲ್ಯಾಂಕಾಸ್ಟರ್‌ಗೆ ಹೋಗಿದ್ದೇ ಹೆಚ್ಚು ಕೇಸು ಹಿಡಿದು ಆ ಸಾಲ ತೀರಿಸಲು. ಆದರೂ ಮುಚ್ಚಲಿಲ್ಲ, ಅದನ್ನೇ ನಂಬಿದ್ದ ಕೂಲಿಯವರ ಸಂಸಾರಗಳು ಇದ್ದವು. ಸುಟ್ಟ ಸುದ್ದಿ ಬಂದಾಗ ಅವರು ಬರೆದ ಪತ್ರದ ಸಾರ ಇದು: ಈ ಕೆಟ್ಟ ಯುದ್ಧದಲ್ಲಿ ಎಲ್ಲರೂ ನಷ್ಟ ಅನುಭವಿಸಬೇಕು. ನನ್ನ ಪಾಲಿಗೆ ನಾನು ಒಂದು ಗಳಿಗೆಯೂ ಕೊರಗಿಲ್ಲ. ಕೊನೆಗೆ ದೇಶ ಒಂದಾಗಿ, ಗುಲಾಮಗಿರಿಯ ಗುರುತೂ ಉಳಿಯದೆ ಹೋದರೆ, ನಾನು ಅಗ್ಗದ ಬೆಲೆಗೇ ಕೊಂಡೆ ಅಂದುಕೊಳ್ಳುತ್ತೇನೆ.

ಮತ್ತೆ, ಅವರ ನಿಲುವು 1863ರಲ್ಲಿ ಹುಟ್ಟಿದ್ದಲ್ಲ. ಪೆನ್ಸಿಲ್ವೇನಿಯಾ ರಾಜ್ಯದ ಹೊಸ ಸಂವಿಧಾನ ಬರೆಯಲು 1837-38ರಲ್ಲಿ ಸಭೆ ಸೇರಿತ್ತು. ಅಲ್ಲಿಯವರೆಗೆ ಸ್ವತಂತ್ರರಾದ ಕಪ್ಪು ಗಂಡಸರೂ ಮತ ಹಾಕಬಹುದಿತ್ತು. ಹೊಸ ಬರಹದಲ್ಲಿ ಬಿಳಿಯರು ಎಂಬ ಒಂದು ಪದ ತೂರಿಸಿ ಅವರ ಹಕ್ಕು ಕಿತ್ತುಕೊಂಡರು. ಸ್ಟೀವನ್ಸ್ ಆ ಸಭೆಯ ಸದಸ್ಯ. ಸಹಿ ಹಾಕಲು ಒಪ್ಪಲೇ ಇಲ್ಲ. ಕಾರ್ಖಾನೆ ಸುಡಲು ಇನ್ನೂ 25 ವರ್ಷ ಬಾಕಿ ಇತ್ತು.


ಮಳೆಬೆಳೆ

ಭೂಮಿ ಕಿತ್ತುಕೊಳ್ಳುವ ಮಾತು ಬಂತಲ್ಲ. ನಾನು ರೈತ, ಅದನ್ನು ಬೇರೆ ಥರ ನೋಡುತ್ತೇನೆ.

1865ರ ಸೆಪ್ಟೆಂಬರ್‌ನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಅವರು ಮಾಡಿದ ಭಾಷಣದ ಲೆಕ್ಕ ನೋಡಿ. ದಂಗೆ ಎದ್ದವರಲ್ಲಿ 200 ಎಕರೆಗಿಂತ ಹೆಚ್ಚು ಇರುವ ದೊಡ್ಡ ಒಡೆಯರ ಭೂಮಿಯನ್ನು ಮಾತ್ರ ಮುಟ್ಟುಗೋಲು ಹಾಕಬೇಕು. ಅಂಥವರು ಸುಮಾರು 70,000 ಜನ. ಸಣ್ಣ ಹಿಡುವಳಿಯ ಬಿಳಿ ರೈತರ ತಂಟೆಗೆ ಹೋಗಬಾರದು. ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ 40 ಎಕರೆ. ಉಳಿದದ್ದನ್ನು ಮಾರಿ ಯುದ್ಧದ ಸಾಲ ತೀರಿಸಬೇಕು, ಸೈನಿಕರ ಪಿಂಚಣಿಗೆ ಇಡಬೇಕು. ಇದರಲ್ಲಿ ಸೇಡು ಎಲ್ಲಿದೆ? ಆ ಹೊಲಗಳನ್ನು ಉತ್ತವರು ಯಾರು? ಉಳುವವನಿಗೇ ಭೂಮಿ ಅಂತ ನಾವು ಕೂಗಿದ್ದು ಇದನ್ನೇ ಅಲ್ವಾ?

ಆ ವರ್ಷದ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾ ಕರಾವಳಿಯ ಒಂದು ಪಟ್ಟಿಯನ್ನು ಕಪ್ಪು ಸಂಸಾರಗಳಿಗೆ ಎಂದು ಆದೇಶ ಹೊರಡಿಸಿದ್ದರು. ಸಂಸಾರಕ್ಕೆ 40 ಎಕರೆ ಮೀರದಂತೆ. ಸಾವಿರಾರು ಜನ ಬಂದು ಬಿತ್ತನೆ ಮಾಡಿದರು. ವರ್ಷ ತುಂಬುವ ಮೊದಲೇ ಅಧ್ಯಕ್ಷ ಜಾನ್ಸನ್ ಆ ಭೂಮಿಯನ್ನು ಹಳೇ ಒಡೆಯರಿಗೆ ವಾಪಸ್ ಕೊಡಿಸಿದರು. ಬಿತ್ತಿದ ಹೊಲ ಬಿಟ್ಟು ಏಳು ಅನ್ನುವುದು ಎಂಥದ್ದು ಅಂತ ಬಿತ್ತಿದವನಿಗೇ ಗೊತ್ತು.

1867ರ ಮಾರ್ಚ್‌ನಲ್ಲಿ ಸ್ಟೀವನ್ಸ್ ಮತ್ತೆ ಭೂಮಿ ಹಂಚುವ ಮಸೂದೆ ಇಟ್ಟರು. ಸ್ವಂತ ಪಕ್ಷದವರೇ ಜೊತೆಗೆ ಬರಲಿಲ್ಲ. ಮತದ ಹಕ್ಕು ಕೊಟ್ಟೆವಲ್ಲ, ಸಾಕು ಎಂದರು. ಕಾಲ ಕೆಳಗೆ ಒಂದು ತುಂಡು ನೆಲ ಇಲ್ಲದವನ ಮತವನ್ನು ಜಮೀನ್ದಾರ ಹೆದರಿಸಿ ಕಿತ್ತುಕೊಳ್ಳುತ್ತಾನೆ ಅನ್ನುವುದು ಆ ಮುದುಕನಿಗೆ ಗೊತ್ತಿತ್ತು. ಮುಂದೆ ಆದದ್ದೂ ಅದೇ. ಹತ್ತು ವರ್ಷ ಕಳೆಯುವುದರೊಳಗೆ ಕಪ್ಪು ರೈತರು ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿದು, ಅಂಗಡಿ ಸಾಲದಲ್ಲಿ ಮುಳುಗಿದ್ದರು.


ಎರಡನೇ ಸೆಮ್

ನಾನು ಕಾನೂನು ಓದುತ್ತಿದ್ದೇನೆ. ಒಂದು ಅನುಮಾನ. 14ನೇ ತಿದ್ದುಪಡಿ ಬರೆದದ್ದು ಜಾನ್ ಬಿಂಗಮ್ ಎಂಬ ಸಂಸದ ಅಂತ ನಮ್ಮ ಕ್ಲಾಸಿನಲ್ಲಿ ಹೇಳಿದ್ದರು. ಹಾಗಾದರೆ ಸ್ಟೀವನ್ಸ್ ಪಾತ್ರ ಏನು? ನಮ್ಮ ಸಂವಿಧಾನದ 14ನೇ ವಿಧಿಗೂ ಇದಕ್ಕೂ ಸಂಬಂಧ ಇದೆಯಾ, ಅಥವಾ ಸಂಖ್ಯೆ ಸುಮ್ನೆ ಹೊಂದಿಕೊಂಡಿದ್ದಾ?


ಕರಿಕೋಟು

ಒಳ್ಳೆ ಪ್ರಶ್ನೆ. ಸಂಖ್ಯೆ ಹೊಂದಿಕೊಂಡದ್ದು ಕಾಕತಾಳೀಯ. ಮಾತು ಹೊಂದಿಕೊಂಡದ್ದು ಹಾಗಲ್ಲ.

ಮೊದಲು ಸ್ಟೀವನ್ಸ್. ಅಮೆರಿಕದ ಹಳೇ ಸಂವಿಧಾನದಲ್ಲಿ ಸೀಟು ಹಂಚಲು ಜನಗಣತಿ ಮಾಡುವಾಗ ಐದು ಗುಲಾಮರನ್ನು ಮೂರು ಜನ ಎಂದು ಎಣಿಸುತ್ತಿದ್ದರು. ಗುಲಾಮಗಿರಿ ಹೋದಮೇಲೆ ಐವರೂ ಐವರೇ. ಅಂದರೆ ಸೋತ ದಕ್ಷಿಣಕ್ಕೆ ಮೊದಲಿಗಿಂತ ಹೆಚ್ಚು ಸೀಟು, ಆ ಸೀಟಿನಲ್ಲಿ ಕೂರುವವರು ಹಳೇ ಒಡೆಯರು, ಕಪ್ಪು ಜನರಿಗೆ ಮತವೇ ಇಲ್ಲ. ಇದನ್ನು ಸ್ಟೀವನ್ಸ್ ಎಲ್ಲರಿಗಿಂತ ಮೊದಲು ಹಿಡಿದರು.

1865ರ ಡಿಸೆಂಬರ್ 4. ಹೊಸ ಸಂಸತ್ತು ಸೇರುವ ದಿನ. ದಕ್ಷಿಣದಿಂದ ಆರಿಸಿ ಬಂದವರು ಬಂದು ಕೂತಿದ್ದಾರೆ. ಕೆಳಮನೆಯ ಗುಮಾಸ್ತ ಎಡ್ವರ್ಡ್ ಮ್ಯಾಕ್‌ಫರ್ಸನ್ ಹಾಜರಿ ಪುಸ್ತಕ ತೆರೆದು ಹೆಸರು ಕೂಗುತ್ತಾ ಹೋದರು. ದಕ್ಷಿಣದ ರಾಜ್ಯಗಳ ಹೆಸರು ಬಂದಾಗ ಬಿಟ್ಟು ಮುಂದಕ್ಕೆ ಹೋದರು. ಟೆನೆಸಿಯ ಹೊರೇಸ್ ಮೇನಾರ್ಡ್ ಎದ್ದು ಕೈಯಲ್ಲಿ ಪ್ರಮಾಣಪತ್ರ ಹಿಡಿದು ಮಾತಾಡಲು ನೋಡಿದರು. ಯುದ್ಧದಲ್ಲಿ ಉತ್ತರದ ಪರವೇ ನಿಂತ ಮನುಷ್ಯ ಅವರು. ಹೆಸರು ಪಟ್ಟಿಯಲ್ಲಿ ಇಲ್ಲದವರಿಗೆ ಮಾತಾಡಲು ಅವಕಾಶವಿಲ್ಲ, ಅಷ್ಟೇ. ಆ ಗುಮಾಸ್ತ ಗೆಟ್ಟಿಸ್‌ಬರ್ಗ್‌ನವರು, ಸ್ಟೀವನ್ಸ್ ಬೆಳೆಸಿದ ಹುಡುಗ. ಒಂದು ಹಾಜರಿ ಕರೆಯಲ್ಲಿ ಇಡೀ ದೇಶದ ದಾರಿ ತಿರುಗಿತು. ಆಮೇಲೆ 15 ಜನರ ಜಂಟಿ ಸಮಿತಿ ಆಯಿತು. ಅದರಲ್ಲಿ ಕೆಳಮನೆಯ ತಂಡದ ಮುಂದಾಳು ಸ್ಟೀವನ್ಸ್.

ಕಾನೂನಿನ ಸಮಾನ ರಕ್ಷಣೆ ಎಂಬ ಸಾಲು ಬಿಂಗಮ್ ಅವರದು, ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಇಲ್ಲಿ ಹುಟ್ಟಿದವರೆಲ್ಲ ಇಲ್ಲಿನ ಪ್ರಜೆಗಳು ಎಂಬ ಮೊದಲ ವಾಕ್ಯವನ್ನು ಸೆನೆಟ್‌ನಲ್ಲಿ ಸೇರಿಸಿದವರು ಜೇಕಬ್ ಹಾವರ್ಡ್. ಆದರೆ ಕೆಳಮನೆಯಲ್ಲಿ ಅದನ್ನು ದಡ ಸೇರಿಸಿದವರು ಸ್ಟೀವನ್ಸ್. 1866ರ ಜೂನ್ 13ರಂದು, 120-32.

ಆ ದಿನದ ಅವರ ಮಾತು ಪ್ರತಿ ವಕೀಲನೂ ಓದಬೇಕು. ಅವರಿಗೆ ಆ ಕರಡು ಸಾಲದು ಅನಿಸಿತ್ತು. ಕಪ್ಪು ಗಂಡಸರಿಗೆ ನೇರವಾಗಿ ಮತದ ಹಕ್ಕು ಅದರಲ್ಲಿ ಇರಲಿಲ್ಲ. ಅವರ ಮಾತು ಇದು: ಎಳೆಯ ವಯಸ್ಸಿನಿಂದ ಒಂದು ಕನಸು ಕಂಡಿದ್ದೆ, ಎಂದಾದರೂ ಹಳೇ ಪಾಯ ಅಲುಗಿದರೆ ಈ ಮನೆಯನ್ನು ಯಾರ ಮೇಲೂ ದಬ್ಬಾಳಿಕೆ ಇಲ್ಲದಂತೆ ಹೊಸದಾಗಿ ಕಟ್ಟುತ್ತೇವೆ ಎಂದು. ಆ ಕನಸು ಕರಗಿತು. ಹಳೇ ಕಟ್ಟಡದ ತೀರಾ ಕೆಟ್ಟ ಭಾಗಗಳಿಗೆ ತೇಪೆ ಹಾಕಿ ತೃಪ್ತಿಪಡಬೇಕಾಗಿದೆ. ಇಂಥ ಅರೆಕೊರೆ ಕರಡನ್ನು ಯಾಕೆ ಒಪ್ಪುತ್ತೀಯ ಎಂದು ಕೇಳುತ್ತೀರಾ? ನಾನು ಬದುಕುತ್ತಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ. ಹೆಚ್ಚುಕಡಿಮೆ ಹೀಗೆ ಹೇಳಿದರು. 74 ವರ್ಷದ ಮುದುಕ, ಮೈಯಲ್ಲಿ ಶಕ್ತಿ ಇಲ್ಲ. ಸಿಟ್ಟಿನ ಮನುಷ್ಯ ಅಂತ ನೇರನುಡಿ ಹೇಳಿದರು, ನಿಜ. ಆ ಸಿಟ್ಟನ್ನು ನುಂಗಿಕೊಂಡು ಸಿಕ್ಕಿದ್ದನ್ನು ಎತ್ತಿಕೊಂಡದ್ದು ಆ ದಿನ.

ಈಗ ನಮ್ಮ ಸಂವಿಧಾನ. ನಮ್ಮ 14ನೇ ವಿಧಿಯಲ್ಲಿ ಎರಡು ಮಾತಿವೆ: ಕಾನೂನಿನ ಮುಂದೆ ಸಮಾನತೆ, ಕಾನೂನಿನ ಸಮಾನ ರಕ್ಷಣೆ. ಎರಡನೆಯದು ಅಮೆರಿಕದ ಆ ತಿದ್ದುಪಡಿಯಿಂದ ಬಂದ ನುಡಿ. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಕೂತು ಮಾತಾಡಿ ಬಂದರು. ಆ ತಿದ್ದುಪಡಿಯಲ್ಲೇ ಇದ್ದ ಇನ್ನೊಂದು ಮಾತು, ಡ್ಯೂ ಪ್ರೋಸೆಸ್ (ಕಾನೂನಿನ ನ್ಯಾಯವಾದ ಕ್ರಮ), ಬೇಡ ಎಂಬ ಅಭಿಪ್ರಾಯ ಅಲ್ಲಿಂದ ಗಟ್ಟಿಯಾಗಿ ಬಂತು. ಹಾಗಾಗಿ ಜೀವ, ಸ್ವಾತಂತ್ರ್ಯ ಕಾಯುವ ನಮ್ಮ 21ನೇ ವಿಧಿಯಲ್ಲಿ ಆ ಪದ ಇಲ್ಲ, 14ರಲ್ಲಿ ಸಮಾನ ರಕ್ಷಣೆ ಇದೆ.

ಒಂದು ಪದ ಗಮನಿಸಿ. ಅಲ್ಲೂ ಇಲ್ಲೂ ಸಮಾನ ರಕ್ಷಣೆ ಇರುವುದು ಪ್ರಜೆಗೆ ಅಲ್ಲ, ಯಾವುದೇ ವ್ಯಕ್ತಿಗೆ. 1886ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ದೋಬಿಯೊಬ್ಬರು ಆ ಒಂದು ಪದ ಹಿಡಿದೇ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅವರು ಅಮೆರಿಕದ ಪ್ರಜೆಯಾಗಿರಲಿಲ್ಲ.


ಎರಡನೇ ಸೆಮ್

ಹಾಜರಿ ಪುಸ್ತಕದ ಕಥೆ ನಮ್ಮ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಅವರು ವಕೀಲರಾಗಿ ನಡೆಸಿದ ಇನ್ನೊಂದು ದೊಡ್ಡ ಕೇಸು ಇದ್ದರೆ ಹೇಳಿ.


ಕರಿಕೋಟು

ಕ್ರಿಸ್ಟಿಯಾನಾ, 1851. ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಎಲ್ಲ ಪ್ರಜೆಗಳೂ ನೆರವಾಗಬೇಕು ಎಂಬ ಕಾನೂನು ಹಿಂದಿನ ವರ್ಷ ಬಂದಿತ್ತು. ಮೇರಿಲ್ಯಾಂಡ್‌ನ ಒಡೆಯನೊಬ್ಬ ಅಧಿಕಾರಿಯನ್ನು ಕರೆದುಕೊಂಡು ಲ್ಯಾಂಕಾಸ್ಟರ್ ಜಿಲ್ಲೆಯ ಕ್ರಿಸ್ಟಿಯಾನಾ ಹಳ್ಳಿಗೆ ಬಂದ. ಕಪ್ಪು ಜನ ಎದುರು ನಿಂತರು, ಒಡೆಯ ಸತ್ತ. ಕ್ಯಾಸ್ಟ್ನರ್ ಹ್ಯಾನ್ವೇ ಎಂಬ ಬಿಳಿ ಗಿರಣಿಯವನು ಕುದುರೆ ಮೇಲೆ ಅಲ್ಲಿಗೆ ಬಂದಿದ್ದ, ಹಿಡಿಯಲು ನೆರವು ಕೊಡಲು ಒಪ್ಪಲಿಲ್ಲ. ಅಷ್ಟಕ್ಕೆ ಅವನ ಮೇಲೆ ದೇಶದ್ರೋಹದ ಕೇಸು. ಒಟ್ಟು 38 ಜನರ ಮೇಲೆ. ವಿಚಾರಣೆ ನಡೆದದ್ದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ, 1776ರ ಸ್ವಾತಂತ್ರ್ಯ ಘೋಷಣೆ ಒಪ್ಪಿದ ಕಟ್ಟಡದಲ್ಲೇ. ಹ್ಯಾನ್ವೇ ಪರ ನಿಂತ ವಕೀಲರಲ್ಲಿ ಸ್ಟೀವನ್ಸ್ ಒಬ್ಬರು. ಜ್ಯೂರಿ ಒಳಗೆ ಹೋಗಿ ಕಾಲು ಗಂಟೆಯಲ್ಲಿ ಹೊರಬಂತು. ನಿರಪರಾಧಿ. ಉಳಿದವರ ಮೇಲಿನ ದೇಶದ್ರೋಹದ ಕೇಸೂ ಬಿದ್ದುಹೋಯಿತು.

ಚಾರಿಟಿಯ ಕೇಸು ಆಗಿ ಆಗ ಸರಿಯಾಗಿ 30 ವರ್ಷ.


ಹೊಳೆದಾಟಿ

ಈ ಚರ್ಚೆ ಇವತ್ತು ಕಣ್ಣಿಗೆ ಬಿತ್ತು. ನಾನು ಪೆನ್ಸಿಲ್ವೇನಿಯಾದಲ್ಲಿ 14 ವರ್ಷದಿಂದ ಇದ್ದೇನೆ, ಮೂಲ ಶಿರಸಿ ಕಡೆ. ಲ್ಯಾಂಕಾಸ್ಟರ್‌ಗೆ ಮೂರು ಸಲ ಹೋಗಿ ಬಂದಿದ್ದೇನೆ.

ಅವರ ಮನೆ ಸೌತ್ ಕ್ವೀನ್ ಸ್ಟ್ರೀಟ್‌ನಲ್ಲಿ. ಅದರ ಹಿತ್ತಲಲ್ಲಿ ನೆಲ ಅಗೆದು ಶೋಧಿಸಿದಾಗ ಒಂದು ಹಳೇ ನೀರಿನ ತೊಟ್ಟಿ ಸಿಕ್ಕಿತು. ಇಟ್ಟಿಗೆಯಲ್ಲಿ ಕಟ್ಟಿದ್ದು, ಪಕ್ಕದ ಕಟ್ಟಡದ ನೆಲಮಾಳಿಗೆ ಕಡೆಗೆ ಒಂದು ಕಿಂಡಿ. ತಪ್ಪಿಸಿಕೊಂಡು ಬಂದ ಗುಲಾಮರನ್ನು ಅದರಲ್ಲಿ ಬಚ್ಚಿಡುತ್ತಿದ್ದಿರಬೇಕು ಎಂದು ಅಗೆದವರು ಹೇಳುತ್ತಾರೆ. ಹಾಸ್ಟೆಲ್ ರೂಮಿಗಿಂತ ಚಿಕ್ಕದು. ಒಂದು ಕಿಂಡಿಯಷ್ಟು ಬೆಳಕು ನಂಬಿಕೊಂಡು ಅದರೊಳಗೆ ಉಸಿರು ಹಿಡಿದು ಕೂತವರನ್ನು ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಇಲ್ಲಿ ಯಾರೂ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಹೆಸರು ಎತ್ತಿಲ್ಲ. ಮಿಶ್ರ ಜನಾಂಗದ ಹೆಂಗಸು, ಗೆಟ್ಟಿಸ್‌ಬರ್ಗ್ ಕಡೆಯವರು, ಇಬ್ಬರು ಗಂಡುಮಕ್ಕಳ ತಾಯಿ. ಸ್ಟೀವನ್ಸ್ ಮದುವೆಯಾಗಲಿಲ್ಲ. 1840ರ ದಶಕದ ಕೊನೆಯಿಂದ ಅವರು ಸಾಯುವವರೆಗೆ ಮನೆ ನಡೆಸಿದವರು ಲಿಡಿಯಾ. ಊರವರು ಏನೇನೋ ಆಡಿಕೊಂಡರು. ಸ್ಟೀವನ್ಸ್ ಆಕೆಯನ್ನು ಯಾವಾಗಲೂ ಮಿಸೆಸ್ ಸ್ಮಿತ್ ಎಂದೇ ಕರೆಯುತ್ತಿದ್ದರು, ಬಂದವರೂ ಹಾಗೇ ಕರೆಯಬೇಕಿತ್ತು. ಗೆಟ್ಟಿಸ್‌ಬರ್ಗ್ ಕಾಳಗ ಮುಗಿದಾಗ ಆಕೆ ಗಾಡಿ ಹೂಡಿಸಿ, ಮನೆಮನೆಯಿಂದ ಬಟ್ಟೆ ಊಟ ಕೂಡಿಸಿ ಗಾಯಾಳುಗಳಿಗೆ ಒಯ್ದರು. ಉತ್ತರದವರಿಗೂ ಕೊಟ್ಟರು, ದಕ್ಷಿಣದವರಿಗೂ ಕೊಟ್ಟರು. ಸ್ಟೀವನ್ಸ್ ತೀರಿಕೊಂಡಮೇಲೆ ಅವರು ಬಿಟ್ಟ ಹಣವಿದ್ದುದರಿಂದ ಆ ಮನೆಯನ್ನು ಆಕೆಯೇ ಕೊಂಡರು.

14ನೇ ತಿದ್ದುಪಡಿ ಜಾರಿಗೆ ಬಂದದ್ದು 1868ರ ಜುಲೈನಲ್ಲಿ. ಸ್ಟೀವನ್ಸ್ ಹೋದದ್ದು ಆಗಸ್ಟ್ 11ರ ನಡುರಾತ್ರಿ. ದೇಹವನ್ನು ವಾಷಿಂಗ್ಟನ್‌ನ ಸಂಸತ್ ಭವನದ ಗುಮ್ಮಟದ ಕೆಳಗೆ ಇಟ್ಟರು, ಕಪ್ಪು ಸೈನಿಕರು ಕಾವಲು ನಿಂತರು. ಲ್ಯಾಂಕಾಸ್ಟರ್‌ನಲ್ಲಿ ಅಂತ್ಯಕ್ರಿಯೆಗೆ ಸುಮಾರು 20,000 ಜನ. ಸತ್ತಮೇಲೂ ಅವರ ಪಕ್ಷದವರು ಗೌರವಕ್ಕೆಂದು ಅವರನ್ನೇ ಮತ್ತೆ ಅಭ್ಯರ್ಥಿಯಾಗಿ ಆರಿಸಿದರು.

ಸಮಾಧಿ ಮಲ್ಬೆರಿ ಮತ್ತು ಚೆಸ್ಟ್‌ನಟ್ ಬೀದಿ ಸೇರುವಲ್ಲಿ ಇದೆ. ಸಣ್ಣ ಸ್ಮಶಾನ. ಊರಿನ ದೊಡ್ಡ ಸ್ಮಶಾನಗಳಲ್ಲಿ ಜಾಗ ಕೊಂಡಿದ್ದರಂತೆ, ಬಿಳಿಯರಿಗೆ ಮಾತ್ರ ಎಂಬ ಷರತ್ತು ತಿಳಿದಾಗ ಪತ್ರ ವಾಪಸ್ ಕೊಟ್ಟರು. ಅದೇ ಊರಿನವರಾದ ಮಾಜಿ ಅಧ್ಯಕ್ಷ ಜೇಮ್ಸ್ ಬುಕ್ಯಾನನ್ ಎರಡು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು, ಅವರನ್ನು ವುಡ್‌ವರ್ಡ್ ಹಿಲ್‌ನಲ್ಲಿ ಹೂತರು. ಸ್ಟೀವನ್ಸ್ ಇಲ್ಲಿ. ಕಲ್ಲಿನ ಮೇಲೆ ಅವರೇ ಬರೆಸಿದ ಮಾತಿದೆ. ಇಂಗ್ಲಿಷಿನಿಂದ ನನಗೆ ತಿಳಿದ ಹಾಗೆ ಹೇಳುತ್ತೇನೆ: ನಾನು ಈ ಸದ್ದಿಲ್ಲದ ಮೂಲೆಯಲ್ಲಿ ಮಲಗಿರುವುದು ಒಂಟಿತನ ಇಷ್ಟ ಎಂದಲ್ಲ. ಬೇರೆ ಸ್ಮಶಾನಗಳಲ್ಲಿ ಜನಾಂಗದ ಕಟ್ಟಳೆ ಇದೆ. ಬದುಕಿಡೀ ಹೇಳಿದ ಮಾತನ್ನು ಸಾವಿನಲ್ಲೂ ತೋರಿಸಲೆಂದು ಇದನ್ನು ಆರಿಸಿಕೊಂಡೆ. ಆ ಮಾತು, ಸೃಷ್ಟಿಕರ್ತನ ಮುಂದೆ ಮನುಷ್ಯರೆಲ್ಲ ಸಮಾನರು ಎಂಬುದು.

ಮೂರನೇ ಸಲ ಹೋದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಹುಟ್ಟಿದ್ದು ಇಲ್ಲೇ. 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಅವರಿಗೆ ಪೌರತ್ವ ಕೊಡುವಂತಿಲ್ಲ ಎಂದಿತ್ತು. ಆದರೆ ಈ ನೆಲದಲ್ಲಿ ಹುಟ್ಟಿದ ಮಗುವಿನ ಪೌರತ್ವ ಆ 14ನೇ ತಿದ್ದುಪಡಿಯ ಮೊದಲ ವಾಕ್ಯದ ಮೇಲೆ ನಿಂತಿದೆ, ಅದನ್ನು ಆ ತೀರ್ಪೂ ಮುಟ್ಟಲಿಲ್ಲ. ಮಗಳ ಪಾಸ್‌ಪೋರ್ಟ್ ತೆಗೆದಾಗಲೆಲ್ಲ ನನಗೆ ಆ ಕಲ್ಲು ನೆನಪಾಗುತ್ತೆ. ಅವಳು ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು.


ನೇರನುಡಿ

ವಾಗ್ದಂಡನೆ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದರೆ ಭೂಮಿಯ ಲೆಕ್ಕ ಮಳೆಬೆಳೆ ಅವರು ಬಿಡಿಸಿ ಹೇಳಿದಮೇಲೆ ಅದನ್ನು ಸೇಡು ಅಂದದ್ದು ತಪ್ಪಾಯಿತು ಎನಿಸುತ್ತಿದೆ. 20ನೇ ಶತಮಾನದ ಮೊದಲ ಭಾಗದ ಎಷ್ಟೋ ಇತಿಹಾಸಕಾರರು ಸ್ಟೀವನ್ಸ್ ಅವರನ್ನು ಹಾಗೇ ಚಿತ್ರಿಸಿದರು, ನಾನು ಮೊದಲು ಓದಿದ್ದೂ ಅಂಥವರನ್ನೇ. ಕಪ್ಪು ಇತಿಹಾಸಕಾರ ಡುಬಾಯ್ಸ್ ಬಂದು ಬೇರೆ ಥರ ಬರೆದದ್ದು 1935ರಲ್ಲಿ. ಅದನ್ನು ಈಗ ಹುಡುಕಿ ಓದುತ್ತೇನೆ.


ಕರಿಕೋಟು

ಹೊಳೆದಾಟಿ ಅವರೇ, ಮಗ ಫಿಲಡೆಲ್ಫಿಯಾದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮುಂದಿನ ತಿಂಗಳು ಬರುತ್ತಿದ್ದೇನೆ. ಅಲ್ಲಿಂದ ಲ್ಯಾಂಕಾಸ್ಟರ್‌ಗೆ ಹೋಗೋದು ಹೇಗೆ?


ಹೊಳೆದಾಟಿ

ರೈಲಿದೆ ಸರ್, ಒಂದು ಗಂಟೆ ಚಿಲ್ಲರೆ. ಮೊದಲು ಕ್ವೀನ್ ಸ್ಟ್ರೀಟ್‌ನ ಮನೆ ನೋಡಿ, ಅಲ್ಲಿಂದ ಸಮಾಧಿಗೆ ನಡೆದೇ ಹೋಗಬಹುದು. ಬೆಳಗಿನ ಹೊತ್ತು ಹೋಗಿ, ಯಾರೂ ಇರುವುದಿಲ್ಲ.


ದಾರಿಹೋಕ

ಕರಿಕೋಟು ಸರ್, ನನ್ನ ಕಡೆಯಿಂದ ಒಂದು ಕೆಲಸ. ಕಲ್ಲಿನ ಮೇಲಿನ ಮಾತು ಓದಿ ಮುಗಿಸಿದಮೇಲೆ, ಅಲ್ಲೇ ನಿಂತು ಚಾರಿಟಿ ಬಟ್ಲರ್ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ಬನ್ನಿ.


ಕರಿಕೋಟು

ಹೇಳುತ್ತೇನೆ. ಆ ಅಜ್ಜಿಯ ಹೆಸರನ್ನೂ ಹೇಳುತ್ತೇನೆ.